ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಘಾಟಿಯಲ್ಲಿ ಪಿಕಪ್ ಎಳೆಯುತ್ತಿಲ್ಲ, ಯಾಕೆ?

ಘಾಟಿ ಗಾಡಿ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನನ್ನದು ಬಿಎಸ್ 4 ಡೀಸೆಲ್ ಪಿಕಪ್, ಕಾಮನ್ ರೈಲ್ ಎಂಜಿನ್. ಮಂಗಳೂರು ದಕ್ಕೆಯಲ್ಲಿ ಮೀನು ತುಂಬಿಕೊಂಡು ಚಾರ್ಮಾಡಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರಿಗೆ ಹಾಕುತ್ತೇನೆ.

ತೊಂದರೆ ಇದು. ಬಿ.ಸಿ. ರೋಡ್ ಹತ್ತಿರ ಟ್ಯಾಂಕ್ ಫುಲ್ ಮಾಡಿಸಿದ ದಿನ ಉಜಿರೆವರೆಗೆ ಗಾಡಿ ಚೆನ್ನಾಗಿಯೇ ಬರುತ್ತದೆ. ಘಾಟಿ ಶುರುವಾಗಿ ಸ್ವಲ್ಪ ಹೊತ್ತಿಗೆ ಪುಲಿಂಗ್ ಬಿದ್ದುಹೋಗುತ್ತದೆ. ಎರಡನೇ ಗೇರ್‌ನಲ್ಲಿ ಹತ್ತುತ್ತಿದ್ದ ಏರಿಗೆ ಮೊದಲನೇ ಗೇರ್ ಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಆರ್‌ಪಿಎಂ ಏರುವುದಿಲ್ಲ, ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಕಪ್ಪು ಹೊಗೆ ಇಲ್ಲ, ಬಿಳಿ ಹೊಗೆಯೂ ಇಲ್ಲ. ಬದಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಹೊರಟರೆ ಮತ್ತೆ ಸ್ವಲ್ಪ ದೂರ ಸರಿಯಾಗಿ ಎಳೆಯುತ್ತದೆ. ಟ್ಯಾಂಕ್ ಅರ್ಧ ಇದ್ದ ದಿನ ಇದೇ ಲೋಡ್, ಇದೇ ಘಾಟಿ, ಯಾವ ಕಿರಿಕಿರಿಯೂ ಇಲ್ಲ.

ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದೆ, ಏರ್ ಫಿಲ್ಟರ್ ಕ್ಲೀನ್ ಇದೆ. ಮೆಕ್ಯಾನಿಕ್ ಒಬ್ಬರು ಹೈ ಪ್ರೆಷರ್ ಪಂಪ್ ಹೋಗಿದೆ, ಬಿಚ್ಚಬೇಕು ಅಂತಾರೆ. ನನಗೆ ಡೀಸೆಲ್ ಮೇಲೇ ಅನುಮಾನ. ಬಂಕ್ ಬದಲಿಸಿ ನೋಡಿದೆ, ಅದೇ ಕಥೆ. ಘಾಟಿಯಲ್ಲಿ ನಿಂತರೆ ಬಾಕ್ಸ್‌ನ ಐಸ್ ಕರಗುತ್ತದೆ. ಬೂತಾಯಿ ಹೊಟ್ಟೆ ಒಡೆದರೆ ಯಾರೂ ಮುಟ್ಟುವುದಿಲ್ಲ. ದಯವಿಟ್ಟು ಗೊತ್ತಿರುವವರು ಹೇಳಿ.

ಹೈವೇ ರಾತ್ರಿ

ಕಲಬೆರಕೆ ಡೀಸೆಲ್ ಅಣ್ಣ, ಬೇರೆ ಏನೂ ಅಲ್ಲ. ಮಳೆಗಾಲದಲ್ಲಿ ಬಂಕ್‌ನ ನೆಲದಡಿ ಟ್ಯಾಂಕಿಗೆ ನೀರು ಇಳಿಯುವುದೂ ಉಂಟು. ಬಿಲ್ ಇಟ್ಟುಕೊಂಡು ಕಂಪ್ಲೇಂಟ್ ಕೊಡಿ.

ಒಂದು ಟನ್ ಪೆಟ್ರೋಲ್

ನನಗೂ ಹೀಗೇ ಆಗಿತ್ತು, ಆದರೆ ನನ್ನದು ಪೆಟ್ರೋಲ್ ಗಾಡಿ. ಬಂಕ್‌ನಲ್ಲಿ ನಾಝಲ್ ತಾನಾಗಿ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡೋಣ ಅಂತ ಒತ್ತಿ ಒತ್ತಿ ತುಂಬಿಸುತ್ತಿದ್ದರು. ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್ ಒಳಗೆ ಪೆಟ್ರೋಲೇ ಹೋಗಿ ಕೂತಿತ್ತು. ಅಲ್ಲಿಂದ ಎಂಜಿನ್‌ಗೆ ಲೆಕ್ಕಕ್ಕಿಂತ ಜಾಸ್ತಿ ಆವಿ ಎಳೆದುಕೊಂಡು, ತುಂಬಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿರಲಿಲ್ಲ, ಸ್ಟಾರ್ಟ್ ಆದರೂ ಎಂಜಿನ್ ನಡುಗುತ್ತಿತ್ತು. ಆ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಬದಲಿಸಿ, ಕಟ್ ಆದಲ್ಲಿಗೆ ನಿಲ್ಲಿಸಲು ಹೇಳಿದ ಮೇಲೆ ಸರಿಹೋಯಿತು. ಡೀಸೆಲ್‌ಗೆ ಇದು ಹೊಂದುತ್ತದಾ ಗೊತ್ತಿಲ್ಲ.

ಪಂಪ್ ಬೆಂಚ್ (ಹಾಸನ)

ಪೆಟ್ರೋಲ್ ಅಣ್ಣ ಹೇಳಿದ್ದು ಸರಿಯಾದ ಮಾತು, ಆದರೆ ಡೀಸೆಲ್ ಗಾಡಿಯಲ್ಲಿ ಆ ಕ್ಯಾನಿಸ್ಟರ್ ಇರುವುದಿಲ್ಲ.

ಘಾಟಿ ಗಾಡಿ ಅಣ್ಣ, ಪಂಪ್ ಬಿಚ್ಚಿಸಬೇಡಿ. ನಾನು ಡೀಸೆಲ್ ಪಂಪ್, ಇಂಜೆಕ್ಟರ್ ಕೆಲಸವನ್ನೇ ಮಾಡುವವನು. ಪಂಪ್ ಬಿಚ್ಚಿದರೆ ನನ್ನಂಥವರಿಗೆ ದುಡ್ಡು, ನಿಜ. ಆದರೆ ನೀವು ಬರೆದದ್ದರಲ್ಲೇ ಪಂಪ್ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ ಇದೆ. ಸವೆದ ಪಂಪ್‌ಗೆ ಟ್ಯಾಂಕ್ ಫುಲ್ ಇದೆಯೋ ಅರ್ಧ ಇದೆಯೋ ತಿಳಿಯುವುದಿಲ್ಲ. ಅದು ಎರಡೂ ದಿನ ಕೈಕೊಡಬೇಕು.

ಡೀಸೆಲ್ ಮೇಲಿನ ಅನುಮಾನಕ್ಕೂ ಇದೇ ಮಾತು. ಫುಲ್ ಮಾಡಿಸಿದ ಡೀಸೆಲ್ ಅರ್ಧಕ್ಕೆ ಇಳಿದಾಗಲೂ ಅದೇ ಡೀಸೆಲ್ ಅಲ್ವಾ? ಆಗ ಗಾಡಿ ಚೆನ್ನಾಗಿ ಎಳೆಯುತ್ತದೆ ಅಂದರೆ ತಪ್ಪು ಡೀಸೆಲ್‌ನದ್ದಲ್ಲ. ನೀರು ಸೇರಿದ್ದರೆ ಲಕ್ಷಣವೇ ಬೇರೆ. ನೀರು ಡೀಸೆಲ್‌ಗಿಂತ ಭಾರ, ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಎಳೆಯುವ ಪೈಪ್ ಇರುವುದೂ ತಳದಲ್ಲೇ. ಹಾಗಾಗಿ ಬಂಕ್ ಬಿಟ್ಟು ಸ್ವಲ್ಪ ದೂರದಲ್ಲೇ ಗಾಡಿ ಜರ್ಕ್ ಹೊಡೆಯುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಅದು ವಾಸಿಯಾಗುವುದಿಲ್ಲ.

ಆದರೂ ಒಮ್ಮೆ ನೋಡಿಬಿಡಿ. ಫಿಲ್ಟರ್ ಅಡಿಯಲ್ಲಿ ಡ್ರೈನ್ ಸ್ಕ್ರೂ ಇದೆ. ಗಾಡಿ ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅದನ್ನು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಅಲುಗಿಸದೆ ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಸ್ಕ್ರೂ ಬಿಗಿ ಮಾಡಿ, ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪ್) ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆದು ಆಮೇಲೆ ಸ್ಟಾರ್ಟ್ ಮಾಡಿ.

ಈಗ ನನ್ನ ಪ್ರಶ್ನೆ. ಟ್ಯಾಂಕ್ ಮುಚ್ಚಳ ಗಾಡಿ ಜೊತೆ ಬಂದದ್ದೋ, ಆಮೇಲೆ ಬದಲಿಸಿದ್ದೋ?

ಯಾಕೆ ಕೇಳುತ್ತೇನೆ ಅಂದರೆ, ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಕೆಲವು ಗಾಡಿಗಳಲ್ಲಿ ಮುಚ್ಚಳದೊಳಗೇ ಅದಕ್ಕೊಂದು ಸಣ್ಣ ವಾಲ್ವ್ ಇರುತ್ತದೆ, ಕೆಲವದರಲ್ಲಿ ಬೇರೆ ಬ್ರೀದರ್ ಪೈಪ್. ಆ ದಾರಿ ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿಕೊಳ್ಳುತ್ತದೆ. ಬಾಟಲಿ ಬಾಯಿಗೆ ತುಟಿ ಗಟ್ಟಿಯಾಗಿ ಒತ್ತಿ ನೀರು ಹೀರಿ ನೋಡಿ, ಒಂದೆರಡು ಗುಟುಕಿನ ನಂತರ ಬರುವುದೇ ಇಲ್ಲ. ನಿಮ್ಮ ಪಂಪ್‌ನ ಪಾಡು ಅದು.

ಹಾಗಾದರೆ ಫುಲ್ ಟ್ಯಾಂಕ್‌ನಲ್ಲೇ ಯಾಕೆ? ಇದು ಗಮನಿಸಬೇಕಾದ ಜಾಗ. ಕುತ್ತಿಗೆವರೆಗೆ ತುಂಬಿಸಿದಾಗ ಡೀಸೆಲ್ ಮೇಲೆ ಉಳಿಯುವ ಗಾಳಿ ಬಹಳ ಕಡಿಮೆ. ನಾಲ್ಕು ಲೀಟರ್ ಗಾಳಿ ಇದೆ ಅನ್ನಿ. ನಾಲ್ಕು ಲೀಟರ್ ಡೀಸೆಲ್ ಖರ್ಚಾದರೆ ಅದೇ ಗಾಳಿ ಎಂಟು ಲೀಟರ್ ಜಾಗ ತುಂಬಬೇಕು, ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಮುಚ್ಚಳದ ಸಂದಿಯಿಂದ ಅಲ್ಪಸ್ವಲ್ಪ ಗಾಳಿ ಒಳಗೆ ನುಸುಳಿದರೂ ಪಂಪ್‌ಗೆ ಕಷ್ಟವೇ. ಅದೇ ಟ್ಯಾಂಕ್ ಅರ್ಧ ಇದ್ದು ಮೂವತ್ತು ಲೀಟರ್ ಗಾಳಿ ಇದ್ದರೆ, ನಾಲ್ಕು ಲೀಟರ್ ಹೋದರೂ ಒತ್ತಡ ಎಂಟನೇ ಒಂದು ಭಾಗದಷ್ಟು ಇಳಿಯುತ್ತದೆ, ಅಷ್ಟೇ. ಬಿ.ಸಿ. ರೋಡಿನಿಂದ ಚಾರ್ಮಾಡಿ ಬುಡಕ್ಕೆ ಲೋಡ್ ಗಾಡಿ ಕುಡಿಯುವುದು ಹೆಚ್ಚುಕಡಿಮೆ ಅಷ್ಟು ಡೀಸೆಲ್ಲೇ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರು ಬಂದು ಎಂಜಿನ್ ಜಾಸ್ತಿ ಡೀಸೆಲ್ ಕೇಳಿದಾಗ ಪಂಪ್‌ಗೆ ಸಿಗುವುದಿಲ್ಲ, ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪ್) ಬೇಕಾದ ಒತ್ತಡ ನಿಲ್ಲುವುದಿಲ್ಲ, ಇಸಿಯು (ಎಂಜಿನ್ ಕಂಪ್ಯೂಟರ್) ಎಂಜಿನ್ ಕಾಪಾಡಲು ಪವರ್ ತಗ್ಗಿಸುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0087 ಬರಬಹುದು, ಅಂದರೆ ರೈಲ್ ಪ್ರೆಷರ್ ಕಡಿಮೆ. ಆ ಕೋಡ್ ನೋಡಿಯೇ ಎಷ್ಟೋ ಜನ ಒಳ್ಳೆಯ ಪಂಪ್ ಬಿಚ್ಚುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅರ್ಧ ಗಂಟೆ ನಿಂತರೆ ಅಲ್ಲಿ ಇಲ್ಲಿ ಗಾಳಿ ನುಸುಳಿ ನಿರ್ವಾತ ಸಡಿಲವಾಗುತ್ತದೆ. ಅದಕ್ಕೇ ಮತ್ತೆ ಎಳೆಯುತ್ತದೆ.

ಪರೀಕ್ಷೆ ಸುಲಭ. ಮುಂದಿನ ಸಲ ಘಾಟಿಯಲ್ಲಿ ಬಲ ಬಿದ್ದ ತಕ್ಷಣ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಮುಚ್ಚಳ ನಿಧಾನಕ್ಕೆ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ. ಎಂಜಿನ್ ಒಮ್ಮೆ ಆಫ್ ಮಾಡಿ ಸ್ಟಾರ್ಟ್ ಮಾಡಿ ತಕ್ಷಣ ಹೊರಡಿ. ಶಬ್ದವೂ ಬರಲಿಲ್ಲ, ಬಲವೂ ಬರಲಿಲ್ಲ ಅಂದರೆ ಟ್ಯಾಂಕ್ ಇಳಿಸಿ ಒಳಗಿನ ಜಾಳಿಗೆ ನೋಡಬೇಕು. ಹಳೇ ಪ್ಲಾಸ್ಟಿಕ್ ಸೀಲ್ ಚೂರು ಅದಕ್ಕೆ ಅಂಟಿಕೊಂಡರೂ ಲಕ್ಷಣ ಸುಮಾರು ಇದೇ.

ಘಾಟಿ ಗಾಡಿ (ಮೂಡಿಗೆರೆ ಕಡೆ)

ಸರ್, ಹೋದ ವರ್ಷ ಡೀಸೆಲ್ ಕದಿಯುತ್ತಾರೆ ಅಂತ ಅಂಗಡಿಯಲ್ಲಿ ಬೀಗದ ಮುಚ್ಚಳ ಹಾಕಿಸಿದ್ದೆ. ಅದೇ ಇದೆ. ಈ ವಾರ ಫುಲ್ ಮಾಡಿಸಿ ನೋಡಿ ಹೇಳುತ್ತೇನೆ.

ಹೈವೇ ರಾತ್ರಿ

ಮುಚ್ಚಳವೇ ಆದರೆ ಒಂದು ಸಣ್ಣ ತೂತು ಕೊರೆದುಬಿಡಿ, ಮುಗೀತು.

ಪಂಪ್ ಬೆಂಚ್ (ಹಾಸನ)

ತೂತು ಬೇಡ, ಕೈಮುಗಿಯುತ್ತೇನೆ. ಚಾರ್ಮಾಡಿ ಮಳೆಗೆ ಆ ತೂತಿನಿಂದ ನೀರು ಇಳಿಯುತ್ತದೆ. ಈಗ ಇಲ್ಲದ ನೀರನ್ನು ನಾವೇ ತುಂಬಿಸಿದ ಹಾಗೆ. ಕಾಮನ್ ರೈಲ್ ಪಂಪ್, ಇಂಜೆಕ್ಟರ್ ಒಳಗೆ ಜಾರುವ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ನೀರು ಹೋದರೆ ಉಜ್ಜಿ, ತುಕ್ಕು ಹಿಡಿದು ಹಾಳಾಗುತ್ತವೆ.

ಘಾಟಿ ಗಾಡಿ (ಮೂಡಿಗೆರೆ ಕಡೆ)

ಸರ್, ನೋಡಿದೆ. ಬೀಗ ಬಿಟ್ಟರೂ ಮುಚ್ಚಳ ತಿರುಗಲು ಬಿಗಿ, ತಿರುಗಿದ ಕೂಡಲೇ ಸುಯ್ ಅಂತ ಜೋರು ಶಬ್ದ. ಜೊತೆಗಿದ್ದ ಹುಡುಗ ಟಯರ್ ಪಂಕ್ಚರ್ ಅಂತ ಕೆಳಗೆ ಬಗ್ಗಿ ನೋಡಿದ. ಸ್ಟಾರ್ಟ್ ಮಾಡಿ ಹೊರಟರೆ ಎರಡನೇ ಗೇರ್‌ನಲ್ಲಿ ಕೊಟ್ಟಿಗೆಹಾರದವರೆಗೆ ಹತ್ತಿತು. ಬಾಟಲಿಗೆ ಹಿಡಿದ ಡೀಸೆಲ್‌ನಲ್ಲಿ ನೀರಿನ ಗೆರೆ ಇಲ್ಲ. ತುಂಬ ಉಪಕಾರ. ಇನ್ನು ಕಂಪನಿ ಮುಚ್ಚಳ ಹಾಕಿದರೆ ಸಾಕಾ?

ಪಂಪ್ ಬೆಂಚ್ (ಹಾಸನ)

ಸಂತೋಷ ಅಣ್ಣ. ಹಳೇ ಮುಚ್ಚಳ ಮನೆಯಲ್ಲಿದ್ದರೆ ವಾಲ್ವ್ ಕ್ಲೀನ್ ಮಾಡಿ ಅದನ್ನೇ ಹಾಕಿ. ಬೀಗ ಬೇಕೇ ಬೇಕು ಅಂದರೆ ಗಾಡಿ ಕಂಪನಿಯ ಬೀಗದ ಮುಚ್ಚಳವನ್ನೇ ನಿಮ್ಮ ಮಾಡೆಲ್ ಹೇಳಿ ತರಿಸಿ. ಬ್ರೀದರ್ ಪೈಪ್ ಇದ್ದರೆ ಅದರ ತುದಿಯನ್ನೂ ಟಾರ್ಚ್ ಹಾಕಿ ನೋಡಿ, ಕುಂಬಾರ ಹುಳ ಅಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಇಷ್ಟು ದಿನ ಅಷ್ಟು ನಿರ್ವಾತ ಎಳೆದಿದ್ದರಿಂದ ಹಳೇ ಹೋಸ್ ಕ್ಲಿಪ್ ಎಲ್ಲಾದರೂ ಗಾಳಿ ಹಿಡಿಯಲು ಶುರು ಮಾಡಿರಬಹುದು. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಜಾಸ್ತಿ ಹೊತ್ತು ಕ್ರ್ಯಾಂಕ್ ಆದರೆ ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಕ್ಲಿಪ್‌ಗಳನ್ನು ಬದಲಿಸಿ. ಎಂಜಿನ್ ಲೈಟ್ ಕೋಡ್ ಅಳಿಸಿದ ಮೇಲೆ ಮತ್ತೆ ಬಂದರೆ ಇಲ್ಲೇ ಬರೆಯಿರಿ, ನೋಡೋಣ.