ಏಳು ತಿಂಗಳ ಮಗುವನ್ನು ಹೊಸಬರ ಕೈಗೆ ರೂಢಿ ಮಾಡಿಸುವುದು ಹೇಗೆ?

ಪ್ರಶ್ನೆ (ಕದ್ರಿ, ಮಂಗಳೂರು):
ಹೆರಿಗೆ ರಜೆ ಮುಗಿಯುತ್ತಾ ಬಂತು. ಬರುವ ತಿಂಗಳಿಂದ ಹಗಲು ಮಗುವನ್ನು ನೋಡಿಕೊಳ್ಳಲು ಒಬ್ಬರು ಅಕ್ಕ ಬರುತ್ತಾರೆ. ಯಾರು ಎತ್ತಿಕೊಂಡರೂ ನಗುತ್ತಿದ್ದ ಮಗು ಈಗ ಹೊಸ ಮುಖ ಕಂಡರೆ ಅಳುತ್ತದೆ. ಎಷ್ಟು ದಿನ ಮುಂಚೆ ಶುರು ಮಾಡಬೇಕು? ಅಕ್ಕನನ್ನು ಹಚ್ಚಿಕೊಂಡರೆ ನನ್ನ ಮೇಲಿನ ಪ್ರೀತಿ ಕಡಿಮೆಯಾಗುತ್ತದಾ?

ಉತ್ತರ (ಮಣಿಪಾಲ):
ಇಲ್ಲ, ಕಡಿಮೆಯಾಗುವುದಿಲ್ಲ. ಆರೇಳು ತಿಂಗಳಿಗೆ ಮಗು ತನ್ನವರು ಯಾರು, ಹೊರಗಿನವರು ಯಾರು ಅಂತ ಬೇರ್ಪಡಿಸಲು ಕಲಿಯುತ್ತದೆ. ಅಳು ಅದರದ್ದೇ ಗುರುತು. ಮನಶ್ಶಾಸ್ತ್ರಜ್ಞರಾದ ಶಾಫರ್ ಮತ್ತು ಎಮರ್ಸನ್ ಸ್ಕಾಟ್ಲೆಂಡಿನ ಗ್ಲಾಸ್ಗೋದ 60 ಶಿಶುಗಳನ್ನು ಗಮನಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ನಂಟಿನ ಬೆನ್ನಿಗೇ ಹೆಚ್ಚಿನ ಮಕ್ಕಳು ಅಪ್ಪ, ಅಜ್ಜಿಯಂಥವರನ್ನೂ ಹಚ್ಚಿಕೊಂಡಿದ್ದರು. ಉಣಿಸಿದವರು ಯಾರು ಎನ್ನುವುದಕ್ಕಿಂತ ಮಗುವಿನ ಕರೆಗೆ ಬೇಗ ಓಗೊಟ್ಟವರು ಯಾರು ಎನ್ನುವುದೇ ಅಲ್ಲಿ ಮುಖ್ಯವಾಗಿತ್ತು.

ಉತ್ತರ (ಅಂಬಲಪಾಡಿ, ಉಡುಪಿ):
ಎರಡು ವಾರ ಮುಂಚೆ ಶುರು ಮಾಡಿ. ಮೊದಲ ಮೂರು ನಾಲ್ಕು ದಿನ ಅಕ್ಕ ಮಗುವನ್ನು ಎತ್ತುವುದೇ ಬೇಡ, ಅದೇ ಕೋಣೆಯಲ್ಲಿ ಕುಳಿತಿರಲಿ. ನೀವು ಅವರ ಹತ್ತಿರ ನಗುತ್ತಾ ಮಾತಾಡಿ. ಮಗು ನಿಮ್ಮ ಮುಖ ನೋಡಿಯೇ ಅವರನ್ನು ಅಳೆಯುತ್ತದೆ. ಆಮೇಲೆ ನೀವು ಪಕ್ಕದಲ್ಲಿರುವಾಗ ಅವರೇ ರಾಗಿ ಮಣ್ಣಿ ತಿನ್ನಿಸಲಿ, ಬಟ್ಟೆ ಬದಲಿಸಲಿ. ಎರಡನೇ ವಾರ ಹೊರಗೆ ಹೋಗಿ: ಮೊದಲು 10 ನಿಮಿಷ, ಮರುದಿನ ಅರ್ಧ ಗಂಟೆ, ಕೊನೆಗೆ ಎರಡು ಮೂರು ಗಂಟೆ. ನಿದ್ದೆ, ಹಾಲು ಆದ ಮೇಲೆಯೇ ಹೊರಡಿ. ಹಸಿದ ಮಗುವಿಗೆ ಹೊಸಬರು ಸಮಾಧಾನ ಮಾಡಿದರೆ ಆಗುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ: ಕಾಗೆ ತೋರಿಸಿ ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುವುದು. ಅಮ್ಮ ಯಾವಾಗ ಮಾಯವಾಗುತ್ತಾಳೋ ಗೊತ್ತಿಲ್ಲದ ಮಗು ಇಡೀ ದಿನ ಸೆರಗು ಬಿಡುವುದಿಲ್ಲ. ಮುತ್ತಿಟ್ಟು 'ಟಾಟಾ' ಹೇಳಿ, ಒಂದು ನಿಮಿಷದೊಳಗೆ ಹೊರಡಿ. ಅತ್ತರೂ ಪುನಃ ಪುನಃ ತಿರುಗಿ ಬರಬೇಡಿ. ನೀವು ಉಟ್ಟ ಸೀರೆಯ ತುಂಡನ್ನು ಅಕ್ಕ ಹೆಗಲಿಗೆ ಹಾಕಿಕೊಳ್ಳಬಹುದು, ಆದರೆ ತೊಟ್ಟಿಲೊಳಗೆ ಬಿಡಬಾರದು. ಮೂಗು ಬಾಯಿ ಮುಚ್ಚಿ ಉಸಿರು ಕಟ್ಟೀತು.

ಪ್ರಶ್ನೆ ಕೇಳಿದವರು:
ಅಕ್ಕ ತುಳುವಿನಲ್ಲೇ ಮಾತಾಡುತ್ತಾರೆ. ಪರವಾಗಿಲ್ವಾ?

ಉತ್ತರ (ಮಣಿಪಾಲ):
ತೊಂದರೆಯೇ ಇಲ್ಲ, ಎರಡೂ ಕಲಿಯುತ್ತದೆ. ಚಿಂತೆ ಮಾಡಬೇಕಾದ್ದು ತಿಂಗಳಿಗೊಬ್ಬರಂತೆ ಆರೈಕೆಯವರು ಬದಲಾದರೆ. ಸಂಜೆ ನಿಮ್ಮನ್ನು ಕಂಡ ಕೂಡಲೇ ಅತ್ತರೆ ಅದು ಮುನಿಸಲ್ಲ, ನಿಮ್ಮ ಮಡಿಲಲ್ಲಿ ಹಗುರವಾಗುವುದು. ಮೊದಲ 20 ನಿಮಿಷ ಮೊಬೈಲ್ ದೂರ ಇಡಿ. ಅಮ್ಮ ಎದುರಿಗಿದ್ದೂ ಮುಖದಲ್ಲಿ ಯಾವ ಭಾವವೂ ತೋರದಿದ್ದರೆ ಶಿಶು ಎರಡು ಮೂರು ನಿಮಿಷದಲ್ಲೇ ಕಂಗೆಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಟ್ರಾನಿಕ್ 1978ರಲ್ಲೇ ತೋರಿಸಿದ್ದಾರೆ.

ಮೂರ್ನಾಲ್ಕು ವಾರವಾದರೂ ಹಗಲು ಹಾಲು, ಊಟ ಬಿಟ್ಟರೆ, ಅಥವಾ ನಿಮ್ಮ ಕಣ್ಣನ್ನೂ ನೋಡದೆ ಮಂಕಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.