ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೈನ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ (ಸಕಲೇಶಪುರದಿಂದ):
ಮಾನ್ಯರೇ, ನನ್ನ ಮಗಳು ಜೂನ್ ತಿಂಗಳಲ್ಲಿ ಸಂಶೋಧನೆಗಾಗಿ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಭಾರತದ ‘ಹಿಮಾದ್ರಿ’ ಕೇಂದ್ರಕ್ಕೆ ಹೊರಟಿದ್ದಾಳೆ. ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ವಿಮಾನ ಬದಲಿಸಿ ಆ ದ್ವೀಪಗಳ ಮುಖ್ಯ ಊರಾದ ಲಾಂಗ್‌ಇಯರ್‌ಬೈನ್ ತಲುಪಬೇಕು. ಗೋಡೆಯ ಭೂಪಟದ ಮೇಲೆ ದಾರ ಹಿಡಿದು ಅಳೆದಾಗ ಈ ಅಂತರ ಹಾಸನದಿಂದ ದೆಹಲಿಗಿರುವುದರ ಸುಮಾರು ಎರಡರಷ್ಟು ಬಂತು. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆ ನಲವತ್ತು ನಿಮಿಷ ಎಂದಿದೆ. ಯಾವುದು ಸರಿ? ಹಿಂತಿರುಗುವಾಗ ಟ್ರೊಮ್ಸೊದಲ್ಲಿ ಎರಡೇ ಗಂಟೆ ಬಿಡುವಿದೆ, ಅದು ಸಾಲುತ್ತದೆಯೇ?

ಉತ್ತರ 1 (ಚಿಕ್ಕಮಗಳೂರು, ಭೂಗೋಳದ ಅಧ್ಯಾಪಕ):
ಟಿಕೆಟ್ಟಿನ ಸಮಯವೇ ಸರಿ. ಗೋಡೆಗೆ ತೂಗುಹಾಕುವ ಮರ್ಕೇಟರ್ ಭೂಪಟಗಳು ಧ್ರುವದತ್ತ ಹೋದಂತೆ ನೆಲವನ್ನು ಹಿಗ್ಗಿಸುತ್ತವೆ. 70 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಮೂರು ಪಟ್ಟು, 78ರಲ್ಲಿ ಐದು ಪಟ್ಟಿಗೆ ಸಮೀಪ. ಆದ್ದರಿಂದ ದಾರದ ಬದಲು ಅಕ್ಷಾಂಶಗಳನ್ನೇ ಕಳೆದು ನೋಡಿ. ಟ್ರೊಮ್ಸೊ 69.7, ಲಾಂಗ್‌ಇಯರ್‌ಬೈನ್ 78.25, ವ್ಯತ್ಯಾಸ ಎಂಟೂವರೆ ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ಗಿಂತ ತುಸು ಹೆಚ್ಚು ಹಿಡಿದು, ಪಶ್ಚಿಮಕ್ಕಿರುವ ಸಣ್ಣ ವಾಲನ್ನೂ ಸೇರಿಸಿದರೆ ಸುಮಾರು 960 ಕಿ.ಮೀ. ಬರುತ್ತದೆ. ಆ ವಾಲು ರೇಖಾಂಶದಲ್ಲಿ ಮೂರೂವರೆ ಡಿಗ್ರಿಯಾದರೂ ಲೆಕ್ಕಕ್ಕೆ ಹೆಚ್ಚು ಬರುವುದಿಲ್ಲ. ಹಾಸನದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 108 ಕಿ.ಮೀ. ಇದ್ದರೆ ಅಲ್ಲಿ 23 ಮಾತ್ರ. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ, ಹಾಸನದಿಂದ ನೇರ ಉತ್ತರಕ್ಕೆ ಹೊರಟು ಮಧ್ಯಪ್ರದೇಶದ ಬುರ್ಹಾನ್‌ಪುರವನ್ನು ಸ್ವಲ್ಪ ದಾಟಿದಷ್ಟು ದೂರ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಒಂದು ಗಂಟೆ ಹನ್ನೆರಡು ನಿಮಿಷದ ಹಾದಿ. ಓಡುದಾರಿಗೆ ಸಾಗುವುದು, ಮೇಲೇರುವುದು, ಇಳಿಯುವುದು ಸೇರಿದರೆ ಟಿಕೆಟ್ಟಿನ ಲೆಕ್ಕ ಸರಿಹೋಗುತ್ತದೆ. ಎರಡೂ ಕಡೆ ಗಡಿಯಾರ ಒಂದೇ, ಬದಲಿಸಬೇಕಿಲ್ಲ.

ಉತ್ತರ 2 (ಹಾಸನದಿಂದ):
ದೂರಕ್ಕಿಂತ ಬಿಡುವಿನ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕೆಂದು ನನ್ನ ಕಳಕಳಿಯ ಮನವಿ. ಶಿರಾಡಿ ಘಾಟಿಯಲ್ಲಿ ಮಂಜು ಕವಿದಾಗ ಬಸ್ಸು ನಿಧಾನವಾಗಿಯಾದರೂ ಬರುತ್ತದೆ. ಲಾಂಗ್‌ಇಯರ್‌ಬೈನ್‌ನಲ್ಲಿ ಮಂಜು ಇಳಿದರೆ ವಿಮಾನ ಇಳಿಯದೆ ಹಿಂದಿರುಗಬಹುದು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನ) ಹೊರಗಿದೆ. ಹೋಗುವಾಗಲೂ ಬರುವಾಗಲೂ ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ, ಒಂದೇ ಸಲದ ಪ್ರವೇಶದ ವೀಸಾ ಇದ್ದರೆ ಮರಳಿ ಟ್ರೊಮ್ಸೊಗೆ ಕಾಲಿಡಲಾಗದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ವೀಸಾ ಎರಡು ಸಲದ ಪ್ರವೇಶದ್ದೇ ಎಂದು ಮಗಳು ನೋಡಿ ಹೇಳಿದಳು. ಹಿಂತಿರುಗುವಾಗ ಟ್ರೊಮ್ಸೊದಲ್ಲಿ ಒಂದು ರಾತ್ರಿ ತಂಗುವಂತೆ ಟಿಕೆಟ್ ಬದಲಿಸುತ್ತಿದ್ದೇವೆ. ಲಾಂಗ್‌ಇಯರ್‌ಬೈನ್‌ನಿಂದ ಹಿಮಾದ್ರಿಗೆ ಇನ್ನೆಷ್ಟು ದೂರ?

ಉತ್ತರ 1ರವರು:
2008ರಲ್ಲಿ ಆರಂಭವಾದ ಆ ಕೇಂದ್ರ ನ್ಯೂ-ಓಲೆಸುಂಡ್‌ನಲ್ಲಿದೆ. ನೇರ ದೂರ ಸುಮಾರು 110 ಕಿ.ಮೀ. ನಡುವೆ ರಸ್ತೆಯಿಲ್ಲ, ಸಣ್ಣ ವಿಮಾನದಲ್ಲಿ ಅರ್ಧ ಗಂಟೆಯ ಆಸುಪಾಸು. ಅದಕ್ಕೂ ಮೊದಲು ಒಂದು ದಿನ ಬಿಡುವು ಇಟ್ಟುಕೊಳ್ಳಲು ಮಗಳಿಗೆ ಹೇಳಿ.