ಚಳಿಗೆ ಮೇವು ಬಿಟ್ಟ ಸಲ್ಕಾಟಾ ಆಮೆ: ನಿದ್ರೆಯೋ, ಕಾಯಿಲೆಯೋ?

ಪ್ರಶ್ನೆ (ವಿಜಯಪುರ, ಡಿಸೆಂಬರ್)

ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷದ ಸಲ್ಕಾಟಾ ಆಮೆಯೊಂದಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ. ಹನ್ನೆರಡು ದಿನಗಳಿಂದ ಅದು ಮೇವನ್ನು ಮೂಸಿಯೂ ನೋಡದೆ, ಹಿತ್ತಿಲ ಕೋಣೆಯ ಮೂಲೆಯಲ್ಲಿ ತಲೆ ಒಳಗೆಳೆದುಕೊಂಡು ಕುಳಿತಿದೆ. ಆಮೆಗಳು ಚಳಿಗಾಲವಿಡೀ ನಿದ್ರಿಸುತ್ತವೆ ಎಂದು ಓದಿದ್ದರಿಂದ ನಾನು ಚಿಂತಿಸಿರಲಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಅದರ ಬಲ ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆಯೊಂದು ಕಾಣಿಸಿತು. ಚಿಪ್ಪು ಒಣಗಿದೆಯೆಂದು ನಮ್ಮ ತಾಯಿ ಕೊಬ್ಬರಿ ಎಣ್ಣೆ ಹಚ್ಚಿದ್ದಾರೆ, ಬಾಯಿಗೆ ರುಚಿ ಹತ್ತಲೆಂದು ಬಾಳೆಹಣ್ಣು ಇಟ್ಟು ನೋಡಿದ್ದಾರೆ. ಕುರಿ ಸಾಕಿರುವ ನೆರೆಮನೆಯ ಹಿರಿಯರು, ಕುರಿಗೆ ಕೊಡುವ ಜಂತಿನ ಸೂಜಿಯನ್ನೇ ಸ್ವಲ್ಪ ಹಾಕಿಸಿ ಎನ್ನುತ್ತಿದ್ದಾರೆ. ಏನು ಮಾಡಬೇಕು?

ಉತ್ತರ (ಬಾಗಲಕೋಟೆ)

ಮೊದಲು ಸೂಜಿಯ ವಿಷಯ. ದಯವಿಟ್ಟು ಅದನ್ನು ಹಾಕಿಸಬೇಡಿ. ಕುರಿಗಳ ಜಂತಿಗೆ ಬಳಸುವ ಐವರ್‌ಮೆಕ್ಟಿನ್ ಆಮೆಯ ನರಮಂಡಲಕ್ಕೆ ವಿಷವಾಗಿದ್ದು, ಕೈಕಾಲುಗಳನ್ನು ನಿಶ್ಚಲಗೊಳಿಸಿ ಪ್ರಾಣವನ್ನೇ ತೆಗೆಯಬಲ್ಲದು.

ಎರಡನೆಯದಾಗಿ, ಇದು ನಿದ್ರೆಯಲ್ಲ. ತಾವು ಓದಿರುವುದು ಮೆಡಿಟರೇನಿಯನ್ ಸುತ್ತಲಿನ ಆಮೆಗಳ ವಿಚಾರವಾಗಿರಬೇಕು. ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಪ್ರಾಣಿ. ಬಿಸಿಲು ತಾಳದಾದಾಗ ಅದು ಬಿಲ ತೋಡಿ ಒಳಗಿರುತ್ತದೆಯೇ ಹೊರತು ಚಳಿಗಾಲದ ದೀರ್ಘನಿದ್ರೆ ಅದರ ಸ್ವಭಾವದಲ್ಲಿಲ್ಲ. ಚಳಿಗೆ ಮೈ ತಣ್ಣಗಾದಾಗ ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ಕುಗ್ಗುತ್ತವೆ, ಅದನ್ನೇ ನಾವು ನಿದ್ರೆಯೆಂದು ತಪ್ಪು ತಿಳಿಯುತ್ತೇವೆ.

ಮೂರು ವಿಷಯ ತಿಳಿಸಿ: ಬೆಳಗಿನ ಜಾವ ಆಮೆ ಕೂರುವ ನೆಲದ ಉಷ್ಣತೆ ಎಷ್ಟು, ಈಗಿನ ತೂಕ ಎಷ್ಟು, ಉಸಿರಾಡುವಾಗ ಕುತ್ತಿಗೆ ಚಾಚಿ ಬಾಯಿ ತೆರೆಯುತ್ತದೆಯೇ?

ಪ್ರಶ್ನಿಸಿದವರು

ಕೋಣೆಗೆ ಶಹಾಬಾದಿ ಫರಸಿ ಹಾಸಿದೆ. ಇಂದು ಬೆಳಗಿನ ಐದಕ್ಕೆ ಅದರ ಮೇಲಿಟ್ಟ ಥರ್ಮಾಮೀಟರ್ 15 ಡಿಗ್ರಿ ತೋರಿಸಿತು. ಅಕ್ಟೋಬರ್‌ನಲ್ಲಿ 1,640 ಗ್ರಾಂ ಇದ್ದ ತೂಕ ಈಗ 1,510 ಗ್ರಾಂ. ಬಾಯಿ ತೆರೆಯುವುದಿಲ್ಲ, ಆದರೆ ಉಸಿರಿನೊಂದಿಗೆ ಸಣ್ಣ ಸಿಳ್ಳಿನಂಥ ಸದ್ದು ಬರುತ್ತದೆ.

ಉತ್ತರ (ಬಾಗಲಕೋಟೆ)

ತಾವು ಅಕ್ಟೋಬರ್‌ನ ತೂಕ ಬರೆದಿಟ್ಟಿದ್ದು ಬಹಳ ಒಳ್ಳೆಯದಾಯಿತು. ದನ ಸೊರಗಿದರೆ ಪಕ್ಕೆಲುಬು ಎದ್ದು ಕಾಣುತ್ತವೆ. ಆಮೆ ಎಷ್ಟೇ ಸೊರಗಿದರೂ ಚಿಪ್ಪು ಅದೇ ಗಾತ್ರದಲ್ಲಿ ಉಳಿಯುವುದರಿಂದ ಕಣ್ಣಳತೆ ಕೆಲಸಕ್ಕೆ ಬಾರದು. ಬೆಳೆಯುವ ವಯಸ್ಸಿನ ಆಮೆ 130 ಗ್ರಾಂ, ಎಂದರೆ ತೂಕದ ಶೇ. 8ರಷ್ಟು, ಕಳೆದುಕೊಂಡಿದೆ. ಗುಳ್ಳೆ ಮತ್ತು ಸಿಳ್ಳಿನ ಸದ್ದನ್ನೂ ಸೇರಿಸಿ ನೋಡಿದರೆ ಉಸಿರಾಟದ ಸೋಂಕಿನ ಶಂಕೆ ಬಲವಾಗುತ್ತದೆ. ಆಮೆಗೆ ನಮಗಿರುವಂಥ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪದರ) ಇಲ್ಲ, ಅದು ಕೆಮ್ಮಿ ಕಫ ಹೊರಹಾಕಲಾರದು. ಹೀಗಾಗಿ ಶ್ವಾಸಕೋಶದಲ್ಲಿ ಸೇರಿದ ದ್ರವ ಅಲ್ಲೇ ನಿಂತು ನ್ಯುಮೋನಿಯಾ ಆಗಬಹುದು. ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ನಾಳೆಯೇ ತೋರಿಸಿ, ಎಕ್ಸ್‌ರೇ ತೆಗೆಸಲು ಕೇಳಿ.

ಅಷ್ಟರಲ್ಲಿ ಮೊದಲು ಬೆಚ್ಚಗಿಡುವುದು, ಆಮೇಲೆ ನೀರು, ಮೇವು ಕಡೆಗೆ. ತಣ್ಣನೆಯ ಮೈಗೆ ಬಲವಂತವಾಗಿ ತಿನ್ನಿಸಿದರೆ ಹೊಟ್ಟೆಯಲ್ಲಿ ಮೇವು ಕೊಳೆಯುತ್ತದೆ. ಫರಸಿಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಒಣ ಹುಲ್ಲು ಹರಡಿ, ಬೆಳಕು ಬೀರದ ಸೆರಾಮಿಕ್ ಹೀಟರ್‌ನಿಂದ ಹಗಲು ರಾತ್ರಿ 28ರಿಂದ 30 ಡಿಗ್ರಿ ಉಳಿಸಿಕೊಳ್ಳಿ. ಹೀಟರ್ ಹುಲ್ಲಿನಿಂದ ದೂರವಿರಲಿ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ಬಿಸಿಯೇರಿದ ಮೇಲೆ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನಿಲ್ಲಿಸಿ. ಆಗ ವಿಸರ್ಜಿಸುವ ಬಿಳಿ ಅಂಶವನ್ನು ಬೆರಳಲ್ಲಿ ಉಜ್ಜಿ ನೋಡಿ: ಸುಣ್ಣದ ತಿಳಿಯಂತೆ ನುಣುಪಾಗಿದ್ದರೆ ಸರಿ, ಮರಳಿನಂತೆ ತರಿತರಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಬಳಿಕ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಆ ಬುಟ್ಟಿ ಅಡುಗೆಮನೆಗೆ ಬರಬಾರದು, ಆಮೆಗಳು ಸಾಲ್ಮೊನೆಲ್ಲಾ ಎಂಬ ರೋಗಾಣು ಹೊತ್ತಿರಬಹುದು.

ಅದೇ ಹೊತ್ತಿಗೆ ಕಣ್ಣು ಗುಳಿಬಿದ್ದಿವೆಯೇ, ಬಾಯೊಳಗೆ ಹಳದಿ ಪದರವಿದೆಯೇ, ಮೆಲ್ಲಗೆ ಎಳೆದ ಕಾಲನ್ನು ಜೋರಿನಿಂದ ಹಿಂದಕ್ಕೆಳೆದುಕೊಳ್ಳುತ್ತದೆಯೇ, ಕೆಳಚಿಪ್ಪು ಹೆಬ್ಬೆರಳಿಗೆ ಗಟ್ಟಿಯಾಗಿ ಹತ್ತುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಎಣ್ಣೆಯಿಂದ ಚಿಪ್ಪಿಗೆ ಪ್ರಯೋಜನವಿಲ್ಲ, ಧೂಳು ಅಂಟುವುದಷ್ಟೇ. ಮೆತ್ತನೆಯ ಬ್ರಷ್‌ನಿಂದ ತೊಳೆದುಬಿಡಿ.

ಉತ್ತರ (ಬೆಳಗಾವಿ)

ಮೇಲಿನದಕ್ಕೆ ಮೇವಿನ ವಿಷಯ ಸೇರಿಸುತ್ತೇನೆ. ಬಾಳೆಹಣ್ಣು ಬೇಡ, ಹಣ್ಣಿನ ಸಕ್ಕರೆ ಇದರ ಕರುಳಿಗೆ ಒಗ್ಗದು. ಕರಿಕೆ, ಒಣ ಹುಲ್ಲು, ದಾಸವಾಳದ ಎಲೆ, ಮುಳ್ಳು ಸುಟ್ಟ ಪಾಪಾಸುಕಳ್ಳಿ ಇವೇ ಇದರ ಊಟ. ಹಾಲು ಸುರಿಯುವ ಕಳ್ಳಿ ಬೇರೆ, ಅದು ವಿಷ. ನಿಮ್ಮ ಕಡೆ ದ್ರಾಕ್ಷಿ ತೋಟಗಳು ಹೆಚ್ಚು, ಎಲೆಯನ್ನು ಆಮೆ ಇಷ್ಟಪಟ್ಟು ತಿನ್ನುತ್ತದೆ, ಆದರೆ ಔಷಧ ಸಿಂಪಡಿಸಿದ ತೋಟದ್ದನ್ನು ಮುಟ್ಟಿಸಬೇಡಿ. ಎಳೆಯ ಜೋಳದ ಹಸಿ ಬೆಳೆ ದನಕ್ಕೆ ವಿಷವಾಗುವುದು ತಮಗೆ ಗೊತ್ತೇ ಇದೆ, ಆಮೆಗೂ ಹಾಕಬೇಡಿ. ಸುಣ್ಣದ ಅಂಶಕ್ಕೆ ಗ್ರಂಥಿಗೆ ಅಂಗಡಿಯ ಸಮುದ್ರ ನೊರೆಯ (ಕಟಲ್ ಮೀನಿನ ಒಳಚಿಪ್ಪು) ತುಂಡೊಂದನ್ನು ಬಳಿಯಲ್ಲಿಟ್ಟರೆ ಬೇಕಾದಾಗ ಕೆರೆದುಕೊಳ್ಳುತ್ತದೆ. ಇನ್ನು ಬಿಸಿಲು: ಕಿಟಕಿಯ ಗಾಜು ಹಾದು ಬರುವ ಬಿಸಿಲಿನಲ್ಲಿ ಸುಣ್ಣದ ಅಂಶ ಮೈಗೂಡಲು ಬೇಕಾದ ಯುವಿಬಿ (ಒಂದು ಬಗೆಯ ನೇರಳಾತೀತ) ಕಿರಣ ಇರುವುದಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದನ್ನು ಓದುವ ಬೇರೆಯವರಿಗೊಂದು ಮಾತು: ನಿಮ್ಮಲ್ಲಿರುವುದು ನಕ್ಷತ್ರ ಆಮೆಯಾಗಿದ್ದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನಿಸಿದವರು (ಹದಿನೆಂಟು ದಿನಗಳ ನಂತರ)

ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶ ಮಸುಕಾಗಿ ಕಂಡಿತು. ವೈದ್ಯರು ಮುಂಗಾಲಿಗೆ ಆಂಟಿಬಯೋಟಿಕ್ ಸೂಜಿಗಳನ್ನು ಕೊಟ್ಟರು. ಬೆಚ್ಚಗಿಟ್ಟ ನಾಲ್ಕನೆಯ ದಿನ ನೀರಿನ ಬುಟ್ಟಿಯಲ್ಲಿ ತಾನಾಗಿ ಕುಡಿಯಿತು, ಒಂಬತ್ತನೆಯ ದಿನ ದಾಸವಾಳದ ಹೂವೊಂದನ್ನು ತಿಂದಿತು. ಸಿಳ್ಳು ನಿಂತಿದೆ, ತೂಕ 1,565 ಗ್ರಾಂ. ಇನ್ನು ಹಿತ್ತಿಲಿಗೆ ಬಿಡಬಹುದೇ?

ಉತ್ತರ (ಬಾಗಲಕೋಟೆ)

ಹಗಲಿನಲ್ಲಿ ಹನ್ನೊಂದರಿಂದ ಮೂರರವರೆಗೆ, ನೆರಳಿಗೆ ಹೋಗಲು ಜಾಗವಿದ್ದರೆ ಬಿಡಿ. ರಾತ್ರಿ ಹೊರಗೆ ಬಿಡುವ ಮಾತು ಯುಗಾದಿ ಕಳೆದ ಮೇಲೆ. ಸೂಜಿಗಳ ಸರದಿಯನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿ ಮುಗಿಸಿ, ಪ್ರತಿ ಭಾನುವಾರ ಮೇವಿಗೆ ಮೊದಲು ತೂಗಿ ಬರೆದಿಡಿ.